ತಂಬೂರಿಯ ಮೇಳ ಕಟ್ಟಿದ ಚಿಪ್ಪಗಿರಿಯ ವಿಜಯದಾಸರು

ಕಾರ್ತಿಕ ಶುದ್ಧ ದಶಮಿ ಬಂತೆಂದರೆ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮದಂಚಿನ ಚಿಪ್ಪಗಿರಿ ಎಂಬ ಹಳ್ಳಿಯಲ್ಲಿ ಕನ್ನಡದ ಹಾಡು ಕೇಳಿಸುತ್ತದೆ. ಸುತ್ತಲಿನ ಊರುಗಳ ಮಾತು ಹೆಚ್ಚಾಗಿ ತೆಲುಗು. ಅಂಗಡಿಯ ಹಲಗೆ ತೆಲುಗು, ಶಾಲೆಯ ಪುಸ್ತಕ ತೆಲುಗು. ಆದರೂ ಅಲ್ಲಿನ ಕಟ್ಟೆಯ ಬಳಿ ಆ ದಿನ ಹಾಡುವುದು ಕನ್ನಡದಲ್ಲಿಯೇ. 1755ನೆಯ ಇಸವಿಯ ಆ ತಿಥಿಯಂದು ಅದೇ ಊರಲ್ಲಿ ದೇಹ ಬಿಟ್ಟ ಶ್ರೀ ವಿಜಯದಾಸರ ಆರಾಧನೆ ಅದು. ದಾಸರ ಮಹಿಮೆಯನ್ನು ಕೊಂಡಾಡುವ ಬರಹಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಪ್ರಕೃತ ನಾವು ಹೇಳಹೊರಟದ್ದು ಅವರ ಇನ್ನೊಂದು ಕೆಲಸದ ವಿಚಾರ. ಸಂಗೀತವನ್ನು ವೃತ್ತಿಯಾಗಿ ಕಲಿಯದ ಜನರನ್ನು ಅವರು ಒಂದು ಮೇಳವಾಗಿ ಕೂಡಿಸಿದರು. ಅದು ಹೇಗೆ ಸಾಧ್ಯವಾಯಿತು ಎಂಬುದು ವಿಚಾರಿಸತಕ್ಕ ಸಂಗತಿ.

ಪಾಶ್ಚಾತ್ಯ ದೇಶಗಳ ಪಟ್ಟಣಗಳಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಊರಿನ ವೈದ್ಯರು, ಗುಮಾಸ್ತರು, ಶಾಲೆಯ ಮಾಸ್ತರರು, ಮನೆವಾರ್ತೆ ನೋಡುವ ಹೆಂಗಸರು ವಾರಕ್ಕೊಂದು ಸಂಜೆ ಪಿಟೀಲು, ವಯೋಲಾ, ಸೆಲ್ಲೊಗಳನ್ನು ಹಿಡಿದುಕೊಂಡು ಒಂದೆಡೆ ಸೇರುತ್ತಾರೆ. ಯಾರಿಗೂ ಸಂಬಳವಿಲ್ಲ. ಒಬ್ಬ ಅನುಭವಸ್ಥ ಮುಂದೆ ನಿಂತು ನಡೆಸುತ್ತಾನೆ, ಉಳಿದವರು ತಮ್ಮ ಯೋಗ್ಯತೆಯಷ್ಟು ನುಡಿಸುತ್ತಾರೆ. ತಂತಿವಾದ್ಯಗಳ ಇಂಥ ಹವ್ಯಾಸಿ ಮೇಳ ನಮ್ಮಲ್ಲಿ ಬೆಳೆಯಲಿಲ್ಲವೆಂದು ಕೆಲವರು ಕೊರಗುವುದುಂಟು. ಪಿಟೀಲಿನ ಮೇಳ ಬೆಳೆಯಲಿಲ್ಲ ಎಂಬುದು ನಿಜ. ಆದರೆ ತಂಬೂರಿಯ ಮೇಳವೊಂದು ಆದವಾನಿ, ರಾಯಚೂರು, ಗದ್ವಾಲ ಪ್ರಾಂತಗಳ ಎರೆಭೂಮಿಯಲ್ಲಿ ಹದಿನೆಂಟನೆಯ ಶತಮಾನದಲ್ಲಿಯೇ ಬೆಳೆದಿತ್ತು. ದಾಸಕೂಟವೆಂದು ಅದರ ಹೆಸರು.

ವಿಜಯದಾಸರ ಹುಟ್ಟುಹೆಸರು ದಾಸಪ್ಪ. ಇಂದಿನ ರಾಯಚೂರು ಜಿಲ್ಲೆಯ ಮಾನವಿ ಸೀಮೆಯಲ್ಲಿ, ತುಂಗಭದ್ರೆಯ ದಡದ ಚೀಕಲಪರವಿ ಅವರ ಊರು. ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ಜನನ 1682ರಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದೇ ನದಿಯ ದಡದ ಮಂತ್ರಾಲಯದಲ್ಲಿ ಶ್ರೀ ರಾಘವೇಂದ್ರಸ್ವಾಮಿಗಳು ಬೃಂದಾವನಸ್ಥರಾಗಿ ಆಗ ಹನ್ನೊಂದು ವರ್ಷಗಳಾಗಿದ್ದವು. ಮಂತ್ರಾಲಯದ ನೆಲ ಆಗ ಆದವಾನಿಯ ಸೀಮೆಗೆ ಸೇರಿದ್ದು. ಆದವಾನಿಯ ಕೋಟೆಯಲ್ಲಿ ಬಿಜಾಪುರದ ಪರವಾಗಿ ಸಿದ್ದಿ ಮಸೂದ್ ಖಾನನ ಅಧಿಕಾರವಿತ್ತು. ದಾಸಪ್ಪ ಇನ್ನೂ ಬಾಲಕನಾಗಿದ್ದಾಗ, 1688ರ ಸುಮಾರಿಗೆ, ಔರಂಗಜೇಬನ ಸೈನ್ಯ ಬಂದು ಆ ಕೋಟೆಯನ್ನು ಹಿಡಿಯಿತು. ಬಿಜಾಪುರ ಅದಕ್ಕೂ ಎರಡು ವರ್ಷ ಮೊದಲೇ ಬಿದ್ದಿತ್ತು. ಒಡೆಯರು ಬದಲಾಗುತ್ತಿದ್ದ ಕಾಲದಲ್ಲಿ ಹಳ್ಳಿಯ ಬಡಬ್ರಾಹ್ಮಣನ ಮನೆಯ ಪಾಡು ಏನಿದ್ದೀತೆಂದು ವಿವರಿಸಿ ಹೇಳಬೇಕಾಗಿಲ್ಲ. ಮಳೆ ಬಂದರೆ ಜೋಳ, ಬಾರದಿದ್ದರೆ ಬರ.

ದಾಸಪ್ಪನ ಬಡತನ ಚರಿತ್ರೆಗಾರರು ಅಲಂಕಾರಕ್ಕೆ ಹೇಳಿದ ಬಡತನವಲ್ಲ. ಹದಿಹರೆಯದಲ್ಲಿಯೇ ಮನೆ ಬಿಟ್ಟು ಕಾಶಿಗೆ ಹೋದ, ಕೆಲವು ವರ್ಷ ಅಲ್ಲಿದ್ದು ಮರಳಿದ. ಅರಳಮ್ಮ ಎಂಬ ಕನ್ಯೆಯೊಡನೆ ಮದುವೆಯಾಯಿತು, ಸಂಸಾರ ಬೆಳೆಯಿತು. ಆದರೆ ಹೊಟ್ಟೆಯ ಚಿಂತೆ ತೀರಲಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಉಳ್ಳವರ ಮನೆಯ ಶುಭಕಾರ್ಯಗಳಲ್ಲಿ ಊಟಕ್ಕೆ ಕೂರುವ ದೈನ್ಯವನ್ನು ಅವರು ಕಂಡವರು. ಮಹಾಪುರುಷರ ಕಥೆಗಳಲ್ಲಿ ಹೆಂಡತಿಯ ಪಾತ್ರ ಬಂದು ಹೋಗುವುದೇ ಗೊತ್ತಾಗುವುದಿಲ್ಲ. ಆದರೆ ಅರಳಮ್ಮನವರ ಹೆಸರು ಇನ್ನೂರೈವತ್ತು ವರ್ಷಗಳಾದ ಮೇಲೂ ಜನರ ನಾಲಗೆಯಲ್ಲಿ ಉಳಿದಿದೆ. ಗಂಡ ಊರೂರು ತಿರುಗುವಾಗ ಬರಿಗೈಯಲ್ಲಿ ಮನೆ ನಡೆಸಿದಾಕೆ ಅವರು. ಮುಂದೆ ದಾಸರ ಶಿಷ್ಯರೆಂದು ಮನೆ ಬಾಗಿಲಿಗೆ ಬಂದವರಿಗೆ ಬಡಿಸಿದಾಕೆಯೂ ಅವರೇ.

ದಾಸಪ್ಪನವರು ಮತ್ತೆ ಕಾಶಿಗೆ ಹೋದರು. ಅಲ್ಲಿ ಒಂದು ರಾತ್ರಿ ಕನಸಿನಲ್ಲಿ ಪುರಂದರದಾಸರು ಕಾಣಿಸಿಕೊಂಡು ನಾಲಗೆಯ ಮೇಲೆ ವಿಜಯವಿಠಲ ಎಂಬ ಅಂಕಿತವನ್ನು ಬರೆದರೆಂದು ಸಂಪ್ರದಾಯ ನಂಬುತ್ತದೆ. ಆ ಹೊತ್ತಿಗೆ ಪುರಂದರದಾಸರು ಕಾಲವಾಗಿ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಸಂದಿತ್ತು. ಇಷ್ಟು ಮಾತ್ರ ಯಾರೂ ಒಪ್ಪಬೇಕಾದದ್ದು: ಕಾಶಿಗೆ ಹೋದ ದಾಸಪ್ಪ ಹಾಡುಗಾರನಲ್ಲ, ಮರಳಿ ಬಂದ ವಿಜಯದಾಸರು ಹಾಡುವುದನ್ನು ಮತ್ತೆ ನಿಲ್ಲಿಸಲಿಲ್ಲ. ಕೈಯಲ್ಲಿ ತಂಬೂರಿ, ಕಾಲಲ್ಲಿ ಗೆಜ್ಜೆ, ಹೆಗಲಿಗೆ ಗೋಪಾಳಬುಟ್ಟಿ. ಹಾಡುತ್ತ ಮನೆಮನೆಯ ಮುಂದೆ ಹೋಗಿ ನೀಡಿದಷ್ಟು ಧಾನ್ಯವನ್ನು ಪಡೆಯುವ ಯಾಯಿವಾರದ ಬದುಕು.

ಅವರ ಕಾಲದ ದಾಸಪಂಥದ ಸ್ಥಿತಿಯನ್ನು ತಿಳಿಯದಿದ್ದರೆ ಅವರ ಕೆಲಸದ ತೂಕ ತಿಳಿಯದು. ಹದಿನಾರನೆಯ ಶತಮಾನದಲ್ಲಿ ವ್ಯಾಸರಾಯರ ಆಶ್ರಯದಲ್ಲಿ ಪುರಂದರದಾಸರು, ಕನಕದಾಸರು ಹಾಡಿದರು. ನಮ್ಮ ಕರಾವಳಿಯವರೇ ಆದ ಸೋದೆಯ ವಾದಿರಾಜರೂ ಹಾಡಿದರು. ವಾದಿರಾಜರ ನಂತರ ಆ ಧ್ವನಿ ಬಹುಮಟ್ಟಿಗೆ ತಗ್ಗಿತು. ಮಠಗಳಲ್ಲಿ ಸಂಸ್ಕೃತದ ವಾದಗ್ರಂಥಗಳಿಗೆ ಮೇಲುಪೀಠ ದೊರೆಯಿತು. ಸಂಸ್ಕೃತದವರನ್ನು ವ್ಯಾಸಕೂಟವೆಂದೂ ಕನ್ನಡದಲ್ಲಿ ಹಾಡುವವರನ್ನು ದಾಸಕೂಟವೆಂದೂ ಕರೆಯುವ ರೂಢಿಯುಂಟಷ್ಟೆ. ಎರಡೂ ಒಂದೇ ಮನೆಯ ಎರಡು ಕೋಣೆಗಳೆಂದು ಹೇಳುವುದಾದರೂ ಪಂಡಿತರು ದಾಸರ ಕೋಣೆಯತ್ತ ಇಣುಕಿ ನೋಡುತ್ತಿದ್ದುದು ಅಪರೂಪ. ಆ ಕೋಣೆಯ ದೀಪವನ್ನು ಮತ್ತೆ ಹಚ್ಚಿದವರು ವಿಜಯದಾಸರು. ದಾಸಸಾಹಿತ್ಯದ ಚರಿತ್ರೆ ಬರೆದವರು ಎರಡನೆಯ ಘಟ್ಟವನ್ನು ಅವರಿಂದಲೇ ಆರಂಭಿಸುತ್ತಾರೆ.

ಇಲ್ಲಿ ತಂಬೂರಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆವು. ವೀಣೆ ಕಲಿಯಲು ವರ್ಷಗಳು ಬೇಕು, ಗುರು ಬೇಕು, ಮನೆಯಲ್ಲಿ ಬಿಡುವು ಬೇಕು. ತಂಬೂರಿಗೆ ಮೆಟ್ಟಿಲುಗಳಿಲ್ಲ, ಎಡಗೈಯ ಬೆರಳಾಟವಿಲ್ಲ. ಪಂಚಮದ ಒಂದು ತಂತಿ, ಸಾರಣೆಯ ಎರಡು, ಮಂದ್ರದ ಒಂದು, ಹೀಗೆ ನಾಲ್ಕು ತಂತಿಗಳನ್ನು ಒಂದಾದ ಮೇಲೊಂದರಂತೆ ಮೀಟಿದರಾಯಿತು. ಮೀಟುವುದನ್ನು ಒಂದು ದಿನದಲ್ಲಿ ಯಾರೂ ಕಲಿಯಬಹುದು. ಆದರೆ ಶ್ರುತಿ ಸೇರಿಸುವುದಕ್ಕೆ ಕಿವಿ ಬೇಕು, ಆ ಕಿವಿ ಬರುವುದಕ್ಕೆ ತಿಂಗಳುಗಳೇ ಬೇಕು. ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿ, ಕುದುರೆಯ ಮೇಲೆ ತಂತಿಯ ಅಡಿಯಿರುವ ಹತ್ತಿಯ ನೂಲನ್ನು ಅತ್ತಿತ್ತ ಸರಿಸಿ, ನಾದ ಅರಳಿತೇ ಎಂದು ಕೇಳಬೇಕು. ಹೊಸಬನಿಗೆ ಬಾಗಿಲು ತೆರೆದಿಡುವ, ಒಳಗೆ ಬಂದವನನ್ನು ಬಹುಕಾಲ ಕಲಿಯುವವನಾಗಿಯೇ ಇರಿಸುವ ಇಂಥ ವಾದ್ಯ ಮತ್ತೊಂದಿಲ್ಲ. ದಾಸರು ಹೊತ್ತು ನಡೆಯುತ್ತಿದ್ದುದು ಕಛೇರಿಯ ದೊಡ್ಡ ತಂಬೂರಿಯನ್ನಲ್ಲ, ಹೆಗಲಿಗೊರಗಿಸಿ ಒಯ್ಯಬಹುದಾದ ಚಿಕ್ಕ ತಂಬೂರಿಯನ್ನು. ಹತ್ತು ಜನ ಕೂಡಿ ಹಾಡಬೇಕಾದರೆ ಹತ್ತು ಕಂಠಗಳೂ ಒಂದೇ ಷಡ್ಜಕ್ಕೆ ಒಪ್ಪಬೇಕು. ಆ ಒಪ್ಪಂದವನ್ನು ಕಾಯುವುದು ತಂಬೂರಿ. ನಮ್ಮ ಭಜನಾಮಂದಿರಗಳಲ್ಲಿ ಹಾರ್ಮೋನಿಯಮ್ಮೋ ಶ್ರುತಿಪೆಟ್ಟಿಗೆಯೋ ಮಾಡುವ ಕೆಲಸ ಇದೇ.

ಮೇಳಕ್ಕೆ ವಾದ್ಯವಿದ್ದರೆ ಸಾಲದು, ನುಡಿಸಲು ಕೃತಿಗಳು ಬೇಕು. ವಿಜಯದಾಸರು ಅವನ್ನು ರಾಶಿರಾಶಿಯಾಗಿ ಒದಗಿಸಿದರು. ಪುರಂದರದಾಸರು ಐದು ಲಕ್ಷ ಕೃತಿಗಳ ಸಂಕಲ್ಪದಲ್ಲಿ ನಾಲ್ಕು ಲಕ್ಷದ ಎಪ್ಪತ್ತೈದು ಸಾವಿರ ಮುಗಿಸಿ ಹೋದರೆಂದೂ ಉಳಿದ ಇಪ್ಪತ್ತೈದು ಸಾವಿರವನ್ನು ವಿಜಯದಾಸರು ಪೂರೈಸಿದರೆಂದೂ ಹೇಳಿಕೆಯುಂಟು. ಈ ಲೆಕ್ಕವನ್ನು ಭಕ್ತಿಯ ಲೆಕ್ಕವೆಂದು ತಿಳಿಯುವುದು ಕ್ಷೇಮ. ದೇವರನಾಮ, ಉಗಾಭೋಗಗಳನ್ನು ಅವರು ರಚಿಸಿದ್ದರೂ ಹೆಸರು ಬಂದದ್ದು ಸುಳಾದಿಗಳಿಂದ.

ಸುಳಾದಿ ಎಂದರೆ ತಾಳಗಳ ಸರಮಾಲೆ. ಒಂದು ನುಡಿ ಧ್ರುವತಾಳದಲ್ಲಿದ್ದರೆ ಮುಂದಿನದು ಮಠ್ಯದಲ್ಲಿ, ಅದರ ಮುಂದಿನದು ತ್ರಿಪುಟದಲ್ಲಿ, ಹೀಗೆ ಸಾಗಿ ಕೊನೆಗೆ ಜತೆ ಎಂಬ ಎರಡು ಸಾಲಿನಲ್ಲಿ ಮುಗಿಯುತ್ತದೆ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳೂ ತಾಳಗಳು ಪ್ರತಿಯೊಂದು ಸುಳಾದಿಯಲ್ಲಿ ಬರಬೇಕೆಂದಿಲ್ಲ. ಇಂದಿನ ಕರ್ನಾಟಕ ಸಂಗೀತದ ಸಾಮಾನ್ಯ ಲೆಕ್ಕದಲ್ಲಿ ಧ್ರುವಕ್ಕೂ ಅಟ್ಟಕ್ಕೂ 14 ಅಕ್ಷರ, ಮಠ್ಯಕ್ಕೂ ಝಂಪೆಗೂ 10, ತ್ರಿಪುಟಕ್ಕೆ 7, ರೂಪಕಕ್ಕೆ 6, ಏಕಕ್ಕೆ 4. ಯಕ್ಷಗಾನದ ಹಿಮ್ಮೇಳ ಕೇಳಿ ಬೆಳೆದ ನಮ್ಮ ಓದುಗರಿಗೆ ಈ ಹೆಸರುಗಳು ಹೊಸವಲ್ಲ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳಲ್ಲಿ ಪದ್ಯಗಳ ತಲೆಗೆ ಬರೆದಿರುವ ಝಂಪೆ, ರೂಪಕ, ಏಕ, ತ್ರಿವುಡೆ, ಅಷ್ಟಗಳನ್ನು ನೆನೆದರೆ ಸಾಕು. ಬಾರಿಸುವ ಕ್ರಮ ಬೇರೆಯಿರಬಹುದು, ಹೆಸರುಗಳ ನಂಟು ಎದ್ದು ಕಾಣುತ್ತದೆ.

ಹವ್ಯಾಸಿಯಾದವನಿಗೆ ಸುಳಾದಿ ಸುಲಭವೇ? ಅಲ್ಲ. ಭಜನೆಯ ಪದದಲ್ಲಿ ತಾಳ ಮೊದಲಿನಿಂದ ಕೊನೆಯವರೆಗೆ ಒಂದೇ, ಪಲ್ಲವಿ ಮರಳಿ ಮರಳಿ ಬರುತ್ತದೆ, ತಪ್ಪಿದವನು ಪಲ್ಲವಿಯಲ್ಲಿ ಬಂದು ಕೂಡಿಕೊಳ್ಳಬಹುದು. ಸುಳಾದಿಯಲ್ಲಿ ಆ ಆಸರೆಯಿಲ್ಲ. ಒಂದು ನುಡಿಯಿಂದ ಇನ್ನೊಂದಕ್ಕೆ ದಾಟುವಾಗ ಎಲ್ಲರ ಕೈಯೂ ಒಮ್ಮೆಗೇ ಹೊಸ ತಾಳಕ್ಕೆ ಹೊರಳಬೇಕು. ಇಷ್ಟು ಕಠಿಣವಾದ ಪ್ರಬಂಧವನ್ನು ಗೃಹಸ್ಥರ ಗುಂಪಿನ ಕೈಗೆ ಕೊಟ್ಟ ಧೈರ್ಯ ವಿಜಯದಾಸರದು. ಹಾಡಿದ ಸುಳಾದಿ ಗಟ್ಟಿಯಾಗಿ ನೆನಪಿನಲ್ಲಿ ನಿಲ್ಲುತ್ತದೆ, ಅದರೊಡನೆ ವಿಷಯವೂ ನಿಲ್ಲುತ್ತದೆ. ಕ್ಷೇತ್ರಗಳ ವರ್ಣನೆ, ದೇವತಾ ತಾರತಮ್ಯ, ದಿನಚರಿಯ ವಿಧಿ ಎಲ್ಲವನ್ನೂ ಸುಳಾದಿಗೆ ತುಂಬಿದರು. ನಿಜ ಹೇಳಬೇಕೆಂದರೆ ಎಲ್ಲ ಸುಳಾದಿಗಳೂ ಕಾವ್ಯವಲ್ಲ. ಸಿದ್ಧಾಂತದ ಪಟ್ಟಿಗಳಂತೆ ಓದಿಸಿಕೊಳ್ಳುವ ನುಡಿಗಳು ಬಹಳವಿವೆ. ಪುರಂದರದಾಸರ ಪದದ ಸೊಗಸನ್ನೋ ಕನಕದಾಸರ ಮೊನಚನ್ನೋ ಅಲ್ಲಿ ಹುಡುಕಿದರೆ ನಿರಾಶೆಯಾದೀತು. ಆದರೆ ಅವು ಓದುವುದಕ್ಕೆಂದು ಕಟ್ಟಿದವಲ್ಲ, ಕೂಡಿ ಹಾಡುವುದಕ್ಕೆ ಕಟ್ಟಿದವು ಎಂಬುದನ್ನು ವಿಮರ್ಶಕರು ಮರೆಯಬಾರದು.

ಇನ್ನು ಮೇಳದ ಜನ. ಮೊದಲ ಹೆಸರು ಗೋಪಾಲದಾಸರದು. ಮೊಸರಕಲ್ಲಿನ ಭಾಗಣ್ಣ ಎಂಬ ಈ ಯುವಕ ಎಳೆತನದಲ್ಲಿಯೇ ತಂದೆಯನ್ನು ಕಳಕೊಂಡವರು, ಇದ್ದ ಆಸ್ತಿ ದಾಯಾದಿಗಳ ಪಾಲಾಗಿತ್ತು. ಬಂದವರಿಗೆ ಭವಿಷ್ಯ ಹೇಳಿ ತಾಯಿಯನ್ನೂ ತಮ್ಮಂದಿರನ್ನೂ ಸಾಕುತ್ತಿದ್ದರು. ವಿಜಯದಾಸರು ಅವರಿಗೆ ಗೋಪಾಲವಿಠಲ ಎಂಬ ಅಂಕಿತವಿತ್ತರು. ತಮ್ಮಂದಿರು ಮೂವರೂ ಅಣ್ಣನ ಹಿಂದೆ ಬಂದರು. ವರದಗೋಪಾಲ, ಗುರುಗೋಪಾಲ, ತಂದೆಗೋಪಾಲ ಎಂಬ ಅಂಕಿತಗಳಿಂದ ಅವರೂ ಹಾಡು ಕಟ್ಟಿದರು. ಒಂದೇ ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರು ಹಾಡುಗಾರರಾದ ಉದಾಹರಣೆ ದಾಸಸಾಹಿತ್ಯದಲ್ಲಿ ಇದೊಂದೇ ಇದ್ದೀತು. ರಾಣೆಬೆನ್ನೂರಿನ ಕಡೆಯ ಹೆಳವನಕಟ್ಟೆ ಗಿರಿಯಮ್ಮನವರಿಗೆ ದಾಸದೀಕ್ಷೆ ದೊರೆತದ್ದು ಗೋಪಾಲದಾಸರಿಂದ ಎನ್ನುತ್ತಾರೆ. ಹೆಂಗಸೊಬ್ಬಳು ತನ್ನದೇ ಅಂಕಿತವಿಟ್ಟು ಹಾಡು ಕಟ್ಟುವುದಕ್ಕೆ ಆ ಕಾಲದಲ್ಲಿ ಅವಕಾಶವಿತ್ತೆಂದರೆ ಅದು ಈ ಕೂಟದ ಹಿರಿಮೆಯೇ ಸರಿ.

ಮೋಹನದಾಸರ ಕಥೆ ಬೇರೆ. ಬಾಳು ಬೇಸತ್ತು ಕಂಕುಳ ಕೂಸಿನೊಡನೆ ನೀರಿಗೆ ಬೀಳಹೊರಟ ಒಬ್ಬ ತಾಯಿಯನ್ನು ವಿಜಯದಾಸರು ತಡೆದರಂತೆ. ಇಬ್ಬರನ್ನೂ ಮನೆಗೆ ಕರೆತಂದರು, ಮಗುವನ್ನು ಸ್ವಂತ ಮಗನಂತೆ ಬೆಳೆಸಿದರು, ಮುಂದೆ ಮೋಹನವಿಠಲ ಎಂಬ ಅಂಕಿತ ಕೊಟ್ಟರು. ಯಾಯಿವಾರದ ಅಕ್ಕಿಯನ್ನು ನಂಬಿದ ಮನೆಗೆ ಇನ್ನೆರಡು ಹೊಟ್ಟೆಗಳು ಸೇರಿದವು.

ಎಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾದದ್ದು ಮಾನವಿಯ ಶ್ರೀನಿವಾಸಾಚಾರ್ಯರ ಪ್ರಸಂಗ. 1728ರಲ್ಲಿ ಹುಟ್ಟಿದ ಈ ಆಚಾರ್ಯರು ಚಿಕ್ಕ ವಯಸ್ಸಿಗೇ ಸಂಸ್ಕೃತದಲ್ಲಿ ದೊಡ್ಡ ಪಂಡಿತರೆನಿಸಿದವರು. ತಂಬೂರಿ ಹಿಡಿದು ಗೆಜ್ಜೆ ಕಟ್ಟಿ ಕನ್ನಡದಲ್ಲಿ ಹಾಡುವವರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಮಾನವಿಗೆ ಬಂದಾಗ ಆಚಾರ್ಯರನ್ನು ಊಟಕ್ಕೆ ಕರೆದರು. ದಾಸರ ಪಂಕ್ತಿಯಲ್ಲಿ ಕೂರುವ ಮನಸ್ಸಿಲ್ಲದೆ ಆಚಾರ್ಯರು ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರು. ನೆವವಾಗಿ ಹೇಳಿದ ನೋವು ನಿಜವಾಗಿಯೇ ಬಂದು ಬಿಡದೆ ಕಾಡಿತು. ಔಷಧಗಳಾದವು, ಸೇವೆಗಳಾದವು, ಗುಣವಾಗಲಿಲ್ಲ. ಕೊನೆಗೆ ವಿಜಯದಾಸರಲ್ಲಿಗೆ ಬಂದಾಗ ಅವರು ತಾವು ಏನನ್ನೂ ಮಾಡದೆ ಉತ್ತನೂರಿನಲ್ಲಿದ್ದ ಶಿಷ್ಯ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಜೋಳದ ರೊಟ್ಟಿ ಉಣ್ಣಿಸಿ, ತಮ್ಮ ಆಯುಷ್ಯದಲ್ಲಿ ನಾಲ್ವತ್ತು ವರ್ಷಗಳನ್ನು ಧಾರೆಯೆರೆದು, ರೋಗವನ್ನು ಕಳೆದರೆಂದು ಕಥೆ. ಗೋಪಾಲದಾಸರು 1762ರಲ್ಲಿ, ನಾಲ್ವತ್ತರ ಆಸುಪಾಸಿನಲ್ಲಿ, ತೀರಿಕೊಂಡರು. ಆಚಾರ್ಯರು 1809ರವರೆಗೆ ಬಾಳಿದರು.

ಪವಾಡದ ಮಾತನ್ನು ಬದಿಗಿಟ್ಟು ನೋಡಿದರೂ ಈ ಕಥೆಯಲ್ಲಿ ವಿಜಯದಾಸರ ಸ್ವಭಾವ ಚೆನ್ನಾಗಿ ತೋರುತ್ತದೆ. ತಮ್ಮನ್ನು ಅವಮಾನಿಸಿದ ಪಂಡಿತನನ್ನು ತಮ್ಮ ಕಾಲಿಗೆ ಬೀಳಿಸಿಕೊಳ್ಳಲಿಲ್ಲ. ತಮ್ಮ ಶಿಷ್ಯನ ಶಿಷ್ಯನನ್ನಾಗಿ ಮಾಡಿದರು. ಮೇಳ ನಡೆಸುವವನು ಮುಖ್ಯವಾದ ಸ್ವರವನ್ನು ಇನ್ನೊಬ್ಬನ ಕೈಗೆ ಬಿಟ್ಟುಕೊಡುವ ಹಾಗೆ ಇದು. ಆಚಾರ್ಯರು ಪಂಢರಪುರಕ್ಕೆ ಹೋಗಿ ಚಂದ್ರಭಾಗೆಯಲ್ಲಿ ಜಗನ್ನಾಥವಿಠಲ ಎಂಬ ಅಂಕಿತವನ್ನು ಪಡೆದರು, ಜಗನ್ನಾಥದಾಸರಾದರು. ಕನ್ನಡವನ್ನು ಕೀಳೆಂದಿದ್ದ ಅದೇ ಕೈ ಭಾಮಿನೀಷಟ್ಪದಿಯಲ್ಲಿ ಹರಿಕಥಾಮೃತಸಾರವನ್ನು ಬರೆಯಿತು. ಮೂವತ್ತೆರಡು ಸಂಧಿಗಳ ಆ ಗ್ರಂಥ ಕನ್ನಡನಾಡಿನ ಮಾಧ್ವ ಮನೆಗಳಲ್ಲಿ ಇಂದಿಗೂ ಪಾರಾಯಣವಾಗುತ್ತಿದೆ.

ಈ ಕೂಟದ ಬಾಗಿಲು ಎಲ್ಲರಿಗೂ ತೆರೆದಿತ್ತೆಂದು ನಾವು ಹೇಳುವುದಿಲ್ಲ. ಕನಕದಾಸರ ಕಾಲಕ್ಕೆ ಹೋಲಿಸಿದರೆ ವಿಜಯದಾಸರ ಪರಿವಾರ ಬಹುಪಾಲು ಒಂದೇ ಜಾತಿಯ, ಒಂದೇ ಮತದ ಗೃಹಸ್ಥರದು. ಅವರ ಹಾಡುಗಳ ವಿಷಯವೂ ಆ ಮತದ ತತ್ತ್ವವೇ. ಅಷ್ಟರ ಮಟ್ಟಿಗೆ ಅದು ಸಂಕುಚಿತ. ಆದರೆ ಆ ಬೇಲಿಯೊಳಗೆ ಸಂಸ್ಕೃತ ಬಾರದವನಿಗೂ ಹೆಂಗಸರಿಗೂ ಹೊಲಮನೆ ಕಳಕೊಂಡವನಿಗೂ ಸಮಪಂಕ್ತಿ ಹಾಕಿದ್ದು ಸಾಮಾನ್ಯವಲ್ಲ. ಹಣದ ವ್ಯವಹಾರವೂ ಅಲ್ಲಿರಲಿಲ್ಲ. ಅರಮನೆಯ ಸಂಗೀತಗಾರನಿಗೆ ಉಂಬಳಿಯಿತ್ತು, ದಾಸನಿಗೆ ಅವನವನ ಮನೆಯ ಅನ್ನ, ಇಲ್ಲದಿದ್ದರೆ ಯಾಯಿವಾರ.

ವಿಜಯದಾಸರು ಕೊನೆಗಾಲಕ್ಕೆ ನೆಲೆನಿಂತದ್ದು ಚಿಪ್ಪಗಿರಿಯಲ್ಲಿ. ಅವರು ಕಾಲವಾದ ಮರುವರ್ಷವೇ ಆದವಾನಿ ನಿಜಾಮರ ಮನೆತನದ ಬಸಾಲತ್ ಜಂಗನ ಜಾಗೀರಾಯಿತು. 1786ರಲ್ಲಿ ಟಿಪ್ಪು ಸುಲ್ತಾನ ಆ ಕೋಟೆಯನ್ನು ಮುತ್ತಿ ಹಿಡಿದ. 1800ರಲ್ಲಿ ಸೀಮೆಯೆಲ್ಲ ಕುಂಪಣಿ ಸರಕಾರಕ್ಕೆ ಸೇರಿತು, ಮುಂದೆ ಬಳ್ಳಾರಿ ಜಿಲ್ಲೆಯ ಭಾಗವಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ರಾಜ್ಯಕ್ಕೆ ಹೋದವು. ಆಲೂರು ತಾಲೂಕಿನ ಚಿಪ್ಪಗಿರಿಯೂ ಹೋಯಿತು. ಮೂರು ವರ್ಷಗಳ ಮೇಲೆ ಕಾಸರಗೋಡಿಗೆ ಆದದ್ದನ್ನು ಬಲ್ಲ ನಮ್ಮ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ನೋಡಿದರೆ ಈ ಒಂದು ಕೂಟದ ಊರುಗಳು ಮೂರು ರಾಜ್ಯಗಳಲ್ಲಿ ಹಂಚಿಹೋಗಿವೆ. ಚೀಕಲಪರವಿ, ಮಾನವಿ, ಮೊಸರಕಲ್ಲು ಕರ್ನಾಟಕದಲ್ಲಿ, ಚಿಪ್ಪಗಿರಿ ಆಂಧ್ರದಲ್ಲಿ, ಉತ್ತನೂರು ತೆಲಂಗಾಣದ ಗದ್ವಾಲ ಸೀಮೆಯಲ್ಲಿ. ಹಾಡು ಮಾತ್ರ ಮೂರೂ ಕಡೆ ಕನ್ನಡವೇ.

ಹಾಡಿನ ಸಾಹಿತ್ಯ ಉಳಿಯಿತು, ಮಟ್ಟುಗಳು ಉಳಿಯಲಿಲ್ಲ. ಇದನ್ನು ನೋವಿನಿಂದಲೇ ಬರೆಯಬೇಕಾಗಿದೆ. ಸುಳಾದಿಗಳ ತಲೆಬರಹದಲ್ಲಿ ರಾಗತಾಳಗಳ ಹೆಸರಿವೆ, ಆದರೆ ಸ್ವರ ಬರೆದಿಟ್ಟವರಿಲ್ಲ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಅಚ್ಚು ಮಾಡಿಸಿದ ಸಂಗೀತ ಸಂಪ್ರದಾಯ ಪ್ರದರ್ಶಿನಿಯಲ್ಲಿ ಪುರಂದರದಾಸರ ಸುಳಾದಿಗೆ ಸ್ವರಲಿಪಿ ದೊರೆಯಿತು. ವಿಜಯದಾಸರ ಪಾಲಿಗೆ ಅಂಥ ಒಬ್ಬ ದೀಕ್ಷಿತರು ಬರಲಿಲ್ಲ. ಪದಗಳನ್ನು ಅಚ್ಚಿಗೆ ತಂದ ಪುಣ್ಯದಲ್ಲಿ ನಮ್ಮ ಕರಾವಳಿಗೂ ಪಾಲುಂಟು. 1850ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮೋಗ್ಲಿಂಗರು ದಾಸರ ಪದಗಳ ಸಂಗ್ರಹವನ್ನು ಹೊರಡಿಸಿದರು. ಆಮೇಲೆ ಉಡುಪಿಯಲ್ಲಿ ಪಾವಂಜೆ ಗುರುರಾಯರು ಅದೇ ಕೆಲಸವನ್ನು ಶ್ರದ್ಧೆಯಿಂದ ಮುಂದುವರಿಸಿದರು. ವಿಜಯದಾಸರ ಕೃತಿಗಳನ್ನು ಹಸ್ತಪ್ರತಿಗಳಿಂದ ಎತ್ತಿ ಪ್ರಕಟಿಸುವುದಕ್ಕೆ ಬಹುವಾಗಿ ದುಡಿದವರು ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಗೊರಬಾಳ ಹನುಮಂತರಾಯರು. ಅವರು ಆಧಾರವಾಗಿಟ್ಟುಕೊಂಡ ಪ್ರತಿಗಳನ್ನು ಕಾಪಾಡಿದ್ದವರೂ ಯಾವ ಬಿರುದಿಲ್ಲದ ಹಳ್ಳಿಯ ಗೃಹಸ್ಥರೇ. ಇಂದು ಸುಳಾದಿ ಹಾಡುವ ಮಂಡಳಿಗಳು ತಮಗೆ ತಿಳಿದ ರಾಗದಲ್ಲಿ ಕೂಡಿಸಿಕೊಂಡು ಹಾಡುತ್ತವೆ. ತಾಳದ ಹೊರಳುಗಳಾದರೂ ಕೆಡದೆ ಉಳಿದರೆ ಸಾಕೆಂಬುದು ನಮ್ಮ ಆಸೆ.

ಮಂತ್ರಾಲಯದ ಯಾತ್ರೆ ಮಾಡುವ ನಮ್ಮ ಕಡೆಯ ಜನ ಬಹಳ. ಅವರಲ್ಲಿ ಚಿಪ್ಪಗಿರಿಯನ್ನು ಕಂಡು ಬರುವವರು ಕೆಲವರೇ. ಗುಂತಕಲ್ ಜಂಕ್ಷನ್ನಿನಲ್ಲಿ ರೈಲು ಇಳಿದರೆ ಊರು ಹತ್ತಿರವೇ, ಹತ್ತಿಯ ಹೊಲಗಳ ನಡುವಿನ ದಾರಿ. ಯಾರನ್ನು ಕೇಳಿದರೂ ದಾಸರ ಕಟ್ಟೆಯನ್ನು ತೋರಿಸುತ್ತಾರೆ, ತೆಲುಗಿನಲ್ಲಿ.